ಬಣ್ಣದ ಓಣಿಯ ಬೆರಳುಗಳು

ಬಲದಂಡೆಯ ಪ್ರಯೋಗಾಲಯ
ಮಂಗಳವಾರ ಬೆಳಿಗ್ಗೆ

ಎಡದಂಡೆಯ ಆರೋಗ್ಯಾಧಿಕಾರಿಗಳಿಗೆ, ಅಂದರೆ ನಿಮಗೆ,

ನಮಸ್ಕಾರ. ಅಕ್ಷರ ನೋಡಿದೊಡನೆ ಯಾರೆಂದು ಗೊತ್ತಾಗಿರುತ್ತದೆ. ಮೂಗಿನ ತುದಿಗೆ ಕೋಪ ಬರುವ ಮೊದಲು ಪೂರ್ತಿ ಓದಿ, ಇದು ಸಂಸಾರದ ಕಾಗದವಲ್ಲ. ಬೇರೆಯಾದ ಮೇಲೆ ನಮ್ಮ ಮಾತೆಲ್ಲ ಮಗಳ ಮೂಲಕವೇ ನಡೆಯುತ್ತಿದೆ, ಆದರೆ ಇದನ್ನು ಅವಳ ಬಾಯಿಂದ ಹೇಳಿಸುವಂತಿಲ್ಲ. ಮಾದರಿ ಸಾಗಿಸುವ ವ್ಯಾನಿನ ಚಾಲಕರ ಕೈಗೆ ಕೊಟ್ಟಿದ್ದೇನೆ. ಅವರಿಗೆ ಒಂದು ಲೋಟ ಚಹಾ ಕೊಡಿಸಿ.

ವಿಷಯ ಇಷ್ಟು. ನದಿಯಾಚೆಯ ನಿಮ್ಮ ದಂಡೆಯಿಂದ ಬಂದ ಮೋರಿ ನೀರಿನಲ್ಲಿ ಪೋಲಿಯೊ ವೈರಾಣು ಸಿಕ್ಕಿದೆ. ಎರಡು ಸಲ ಪರೀಕ್ಷೆ ಮಾಡಿದೆ. ದೂರದ ದೊಡ್ಡ ಪ್ರಯೋಗಾಲಯಕ್ಕೂ ಕಳಿಸಿದ್ದೆ. ಇದು ಎರಡು ದೇಶಗಳಾಚೆ ಹೋದ ವರ್ಷ ಕಂಡ ವೈರಾಣುವಿನ ಹತ್ತಿರದ ಸಂಬಂಧಿ ಎಂದು ಅವರು ಕುಲಗೋತ್ರ ಬಿಡಿಸಿ ಹೇಳಿದ್ದಾರೆ. ಯಾರದೋ ಹೊಟ್ಟೆಯಲ್ಲಿ ಕೂತು ಪ್ರಯಾಣ ಮಾಡಿ ಬಂದಿದೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಮೋರಿ ಮೂಸುವುದೂ ಒಂದು ವಿದ್ಯೆಯೇ ಎಂದು ನೀವು ನಗುತ್ತಿದ್ದಿರಿ. ಹೌದು, ವಿದ್ಯೆಯೇ. ಮಗುವಿನ ಕಾಲು ಸೋಲುವ ಮೊದಲೇ ಸುದ್ದಿ ಹೇಳುವುದು ಈ ಮೋರಿಯೊಂದೇ. ಇನ್ನೂ ಯಾವ ಮಗುವಿನ ಕಾಲೂ ಬಿದ್ದಿಲ್ಲ, ಅಂದರೆ ನಮಗೆ ಸಮಯವಿದೆ.

ನೀವು ಏನು ಹೇಳುತ್ತೀರೆಂದು ಗೊತ್ತು. ನಮ್ಮ ದಂಡೆಯಲ್ಲಿ ಒಂದು ಮಗುವನ್ನೂ ಬಿಟ್ಟಿಲ್ಲ, ಎಲ್ಲರಿಗೂ ಪೋಲಿಯೊ ಹನಿ ಹಾಕಿದ್ದೇವೆ ಎನ್ನುತ್ತೀರಿ. ಅದಕ್ಕಾಗಿ ನಿಮಗೆ ಹಾರ ಹಾಕಿದ ಫೋಟೊ ಮಗಳು ತೋರಿಸಿದಳು. ಸೂಟು ಚೆನ್ನಾಗಿತ್ತು. ನಾನೂ ಹಾಗೆಯೇ ನಂಬಿದ್ದೆ. ಆದರೆ ಮೋರಿ ಸುಳ್ಳು ಹೇಳುವುದಿಲ್ಲ. ಆದ್ದರಿಂದ ಭಾನುವಾರದ ರಜೆಯಲ್ಲಿ ಗಡಿಯ ಸೇತುವೆ ದಾಟಿ ನಿಮ್ಮ ಊರಿಗೆ ಬಂದೆ. ಆ ಮೋರಿಯ ಗುಂಟ ಮೇಲಕ್ಕೆ ನಡೆದರೆ ಸಿಗುವುದು ನೂಲಿಗೆ ಬಣ್ಣ ಹಾಕುವವರ ಓಣಿ.

ಓಣಿಯ ಎರಡೂ ಕಡೆ ಹಗ್ಗದ ಮೇಲೆ ಒದ್ದೆ ನೂಲು ಇಳಿಬಿದ್ದಿತ್ತು, ತಲೆ ಬಗ್ಗಿಸಿಯೇ ನಡೆಯಬೇಕು. ಬಾಗಿಲಲ್ಲಿ ಕೂತ ಒಬ್ಬ ತಾಯಿಯನ್ನು ಮಗುವಿಗೆ ಹನಿ ಹಾಕಿಸಿದಿರಾ ಎಂದು ಕೇಳಿದೆ. ಇಲ್ಲ ಎಂದಳು. ತಂಡದವರು ಬಂದಿದ್ದರಂತೆ, ಮಗುವಿನ ಕೈ ಹಿಡಿದು ನೋಡಿದರಂತೆ, "ಬೆರಳಿಗೆ ಗುರುತು ಇದ್ಯಲ್ಲ, ಆಗ್ಲೇ ಆಗಿದೆ ಬಿಡಿ" ಅಂದು ಬಾಗಿಲ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಂದೆ ಹೋದರಂತೆ. ದೊಡ್ಡವರೇ ಹಾಗಂದ ಮೇಲೆ ಇನ್ನೇನು ಕೇಳೋದು ಎಂದಳು.

ಮಗುವಿನ ಕೈ ನಾನೂ ನೋಡಿದೆ. ಕಿರುಬೆರಳು ನೇರಳೆ. ಉಂಗುರ ಬೆರಳೂ ನೇರಳೆ. ಮುಂಗೈವರೆಗೂ ನೇರಳೆ! ಆ ಓಣಿಯ ಮಕ್ಕಳು ಆಡುವುದೇ ಬಣ್ಣದ ತೊಟ್ಟಿಯ ಪಕ್ಕದಲ್ಲಿ. ಹನಿ ಹಾಕಿದ ಗುರುತಿಗೆ ನಾವು ಹಚ್ಚುವ ಶಾಯಿಯೂ ಅದೇ ಬಣ್ಣ. ಶಾಯಿ ಒಂದು ದೇಶದಿಂದ, ಲಸಿಕೆ ಇನ್ನೊಂದು ದೇಶದಿಂದ, ತರಬೇತಿ ಕೊಟ್ಟವರು ಮತ್ತೊಂದು ದೇಶದವರು. ಇಷ್ಟು ಜನ ಸೇರಿ ಮಾಡಿದ ಕೆಲಸವನ್ನು ಒಂದು ಬಣ್ಣದ ತೊಟ್ಟಿ ಕೆಡಿಸಿತು. ನನಗೆ ಮೊದಲು ನಗು ಬಂತು, ಆಮೇಲೆ ಉಳಿದ ಬಾಗಿಲುಗಳನ್ನೂ ತಟ್ಟಿ ಕೇಳಿದೆ. ಓಣಿಗೆ ಓಣಿಯೇ ಹನಿ ಇಲ್ಲದೆ ಕೂತಿದೆ.

ಈಗ ನೀವು ಮಾಡಬೇಕಾದದ್ದು. ಬೆರಳು ನೋಡಿ ನಂಬಬೇಡಿ ಎಂದು ತಂಡಗಳಿಗೆ ಹೇಳಿ, ಆ ಓಣಿಯ ಪ್ರತಿ ಮಗುವಿಗೂ ಮತ್ತೆ ಹನಿ ಹಾಕಿಸಿ. ಒಂದು ವೇಳೆ ಎರಡನೆಯ ಸಲ ಬಿದ್ದರೂ ತೊಂದರೆಯಿಲ್ಲ. ಎರಡೂ ದಂಡೆಯಲ್ಲಿ ಒಂದೇ ದಿನ ಅಭಿಯಾನ ನಡೆಯಲಿ. ನೀವು ಒಂದು ವಾರ, ನಾವು ಇನ್ನೊಂದು ವಾರ ಮಾಡುತ್ತಾ ಇಷ್ಟು ದಿನ ಎತ್ತು ಏರಿಗೆ, ಕೋಣ ನೀರಿಗೆ ಎಳೆದದ್ದು ಸಾಕು. ಸಂತೆಗೆ ಮಕ್ಕಳು ಸೇತುವೆ ದಾಟುತ್ತಲೇ ಇರುತ್ತಾರೆ. ಗಡಿ ಚೌಕಿಯವರು ವೈರಾಣುವಿನ ಪಾಸ್‌ಪೋರ್ಟ್ ಕೇಳುವುದಿಲ್ಲ.

ಎಲ್ಲಕ್ಕಿಂತ ಮೊದಲು, ಪೋಲಿಯೊ ನಿರ್ಮೂಲನೆಯ ಅಂತರರಾಷ್ಟ್ರೀಯ ಕಚೇರಿಗೆ ಈ ಓಣಿ ತಪ್ಪಿಹೋದದ್ದನ್ನು ನೀವೇ ಹೇಳಬೇಕು. ವೈರಾಣು ಇದೆ ಎಂಬ ಫಲಿತಾಂಶ ನಿಯಮದಂತೆ ನಿನ್ನೆಯೇ ಹೋಗಿದೆ. ಅದಕ್ಕೆ ಇಲ್ಲಿ ಯಾಕೆ ನೆಲೆ ಸಿಕ್ಕಿತು ಎಂಬುದನ್ನು ಮಾತ್ರ ನಾನು ಬರೆದಿಲ್ಲ. ನೀವು ಯಾರನ್ನೂ ಬಿಟ್ಟಿಲ್ಲ ಎಂದು ಹಟ ಹಿಡಿದರೆ ಅವರು ಲಸಿಕೆ ಕೆಟ್ಟಿತೇ, ಶೀತಪೆಟ್ಟಿಗೆ ಕೆಟ್ಟಿತೇ ಎಂದು ಬೇರೆಲ್ಲೋ ಹುಡುಕುತ್ತಾರೆ. ಅಷ್ಟರಲ್ಲಿ ಆ ಓಣಿಯ ಒಂದು ಮಗು ನಡೆಯುವುದನ್ನು ನಿಲ್ಲಿಸಬಹುದು. ಇಂದು ಸಂಜೆಯವರೆಗೆ ಕಾಯುತ್ತೇನೆ. ಆಮೇಲೆ ನಾನೇ ಹೇಳುತ್ತೇನೆ. ನಿಮ್ಮ ಹಾರಕ್ಕಿಂತ ಆ ಮಕ್ಕಳ ಕಾಲು ನನಗೆ ದೊಡ್ಡದು, ಇದರಲ್ಲಿ ದಾಕ್ಷಿಣ್ಯವಿಲ್ಲ.

ಇಷ್ಟು ವರ್ಷಗಳ ಸಂಸಾರದಲ್ಲಿ ನಿಮ್ಮ ಬಾಯಲ್ಲಿ "ತಪ್ಪಾಯ್ತು" ಎಂಬ ಮಾತು ನಾನು ಕೇಳಿದವಳಲ್ಲ. ಸಾರಿಗೆ ಉಪ್ಪು ಹೆಚ್ಚು ಹಾಕಿದ್ದನ್ನೂ ನೀವು ಒಪ್ಪಿಕೊಂಡವರಲ್ಲ. ಅದು ನಮ್ಮಿಬ್ಬರ ಹಳೆಯ ಜಗಳ, ಇರಲಿ ಬಿಡಿ. ಆದರೆ ಈ ಕೆಲಸ ನಾವು ಗೆಲ್ಲುತ್ತೇವೆ. ಇದಕ್ಕಿಂತ ದೊಡ್ಡ ಊರುಗಳಿಂದಲೇ ಈ ರೋಗವನ್ನು ಓಡಿಸಿದ್ದಾರೆ, ನಮ್ಮ ಒಂದು ಓಣಿ ಯಾವ ಲೆಕ್ಕ? ನಿಮ್ಮಷ್ಟು ಚೆನ್ನಾಗಿ ತಂಡ ಕಟ್ಟುವವರು ಈ ನದಿಯ ಎರಡೂ ಕಡೆ ಇಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ.

ರಕ್ತದೊತ್ತಡದ ಮಾತ್ರೆ ತಪ್ಪಿಸುತ್ತಿದ್ದೀರೆಂದು ಮಗಳು ದೂರು ಹೇಳಿದಳು. ತಪ್ಪಿಸಬೇಡಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ನಿನ್ನೆ ಆ ಅಂತರರಾಷ್ಟ್ರೀಯ ಕಚೇರಿಯ ಮುಖ್ಯಸ್ಥೆ ಫೋನಿನಲ್ಲಿ ಕಾರಣವೇನೆಂದು ಕೇಳಿದರು. ಎಡದಂಡೆಯ ಅಧಿಕಾರಿ ನಾಳೆ ತಾವೇ ಹೇಳುತ್ತಾರೆ, ಮುಚ್ಚಿಡುವ ಮನುಷ್ಯರಲ್ಲ ಎಂದೆ. ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಎಂದರು. ನಾನು ಅವರ ಹೆಂಡತಿ ಎಂದೆ. ಬಿಟ್ಟು ಬಂದವಳು ಎಂದು ಹೇಳಲಿಲ್ಲ.