ಕೊಂಬಿನ ವಾಸನೆ

ಗುರುವಾರ, ಹನ್ನೆರಡನೇ ತಾರೀಖು

ಅಕ್ಕನ ಆ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ನನ್ನನ್ನು ಕರೆದುಕೊಂಡು ಹೋಗಲೆಂದೇ ಬಂದವಳು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೆಲಸದ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾನು ಕ್ಷೌರದ ಕತ್ತಿಯ ಹಿಡಿಗೆಂದು ಕೋಣದ ಕೊಂಬಿನ ಪಟ್ಟಿಗೆ ಅರ ಹಾಕುತ್ತಿದ್ದೆ.

“ಕೂದಲು ಸುಟ್ಟ ಹಾಗೆ ನಾರುತ್ತಲ್ಲೋ! ಹೇಗಿದೀಯೋ ಇಲ್ಲಿ?”

“ಯಾವ ವಾಸನೆ?” ಅಂದುಬಿಟ್ಟೆ. ನಿಜವಾಗಿಯೂ ಗೊತ್ತಾಗಲಿಲ್ಲ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಮ್ಮ, ನಿನ್ನ ತಮ್ಮ ಈಗ ನಮ್ಮವನಾದ.”

ಈ ಮನೆಗೆ ಅಳಿಯನಾಗಿ ಬಂದ ಹೊಸದರಲ್ಲಿ ಇದೇ ವಾಸನೆಗೆ ಉಂಡದ್ದೆಲ್ಲ ಕಕ್ಕುತ್ತಿದ್ದೆ. ಆಗ ಮಾವ ಬೆನ್ನು ಸವರಿ, “ವಾಸನೆ ತಡೆಯೋಕಾಗಲ್ಲ ಅಂತ ಒಂದು ಮಾತು ಹೇಳಪ್ಪ, ಕಳಿಸಿಕೊಡ್ತೀನಿ, ಬಲವಂತ ಇಲ್ಲ” ಅಂದಿದ್ದರು. ಆ ಒಂದು ಮಾತನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಇವತ್ತು ಅಕ್ಕನ ಎದುರು ಹೇಳಿಬಿಡಬೇಕೆಂದಿದ್ದೆ.

ಅಕ್ಕ ಒಬ್ಬಳೇ ಹೋದಳು. ಆಮೇಲೆ ಕೊಂಬಿನ ಚೂರೊಂದನ್ನು ಬೇಕೆಂದೇ ಬೆಂಕಿಗೆ ಹಿಡಿದು ಮೂಗಿನ ಹತ್ತಿರ ತಂದೆ. ಏನೂ ಇಲ್ಲ. ಈ ಹಾಳು ಮೂಗು ಕೂಡ ಮಾವನ ಕಡೆಗೇ ಸೇರಿಕೊಂಡಿದೆ.

ಈಗಷ್ಟೇ ಹೆಂಡತಿ ನಿದ್ದೆಗಣ್ಣಲ್ಲಿ ಗೊಣಗಿದಳು. “ಮೈ ತೊಳ್ಕೊಂಡ್ರೂ ನಾರ್ತೀರಲ್ರೀ. ಕಿಟಕಿನಾದ್ರೂ ತೆಗೀರಿ.”

ತೆಗೆದೆ. ನನಗೆ ಒಳಗೂ ಹೊರಗೂ ಒಂದೇ…