ತುದೊರ್ ಮಾಮನ ಮನೆಗೆ ಒಯ್ದ ಜಡೆರೊಟ್ಟಿ

ಕಿಶಿನೌ,
ಜನವರಿ ೧೦, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಪಾದೋವಾದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಅವಳ ಮಗನಿಗೂ ಎರಡು ಕೈಗಳಿವೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂತು. ಹಾಸ್ಟೆಲಿನ ಚಳಿಗೆ ಅದನ್ನು ಹಾಕಿಕೊಂಡೇ ಮಲಗುತ್ತೇನೆ. ಊಟದ ಚಿಂತೆ ಬೇಡ. ಮೆಕ್ಕೆಜೋಳದ ಮುದ್ದೆ ದಿನವೂ ಇದೆ, ಅಡುಗೆಯವಳು ಉಪ್ಪು ಮಾತ್ರ ಮರೆಯುತ್ತಾಳೆ.

ಪೊಲೀಸ್ ಶಾಲೆಯಲ್ಲಿ ನಮಗೆ ಕಾನೂನು ಹೇಳಿಕೊಡುವ ಕೊಜೊಕಾರು ಮೇಡಂ ಬಲು ಕಟ್ಟುನಿಟ್ಟು. ಹಿಡಿದು ತಂದವನಿಗೆ ಯಾಕೆ ಹಿಡಿದೆವೆಂದು ಹೇಳಬೇಕು, ವಕೀಲ ಬೇಕೆಂದರೆ ಕರೆಸಬೇಕು, ಅವನು ಬಾಯಿ ಬಿಡದಿದ್ದರೆ ಅದು ಅವನ ಹಕ್ಕು. ಜೊತೆಯವನು ಕೈ ಎತ್ತಿದಾಗ ಸುಮ್ಮನೆ ನೋಡಿದವನೂ ತಪ್ಪಿತಸ್ಥ. ಇದನ್ನೆಲ್ಲ ಗಿಳಿಪಾಠ ಮಾಡಿ ನಾನೇ ಮೊದಲಿಗಳಾಗಿ ಪಾಸಾದೆ. ಆ ದಿನ ನೀನು ಹಿಗ್ಗಿದ್ದು ಫೋನಿನಲ್ಲೇ ಗೊತ್ತಾಗಿತ್ತು.

ಆಮೇಲೆ ಠಾಣೆಯ ಕೆಲಸ ಕಲಿಯಲು ನಮ್ಮೂರಿಗೇ ಹಾಕಿದರು. ಹಾಕಿಸಿದ್ದು ತುದೊರ್ ಮಾಮ, ಅಲ್ಲಿ ಅವರೇ ಅಧಿಕಾರಿ. ದೀಕ್ಷಾಸ್ನಾನದಲ್ಲಿ ನನ್ನನ್ನು ಎತ್ತಿಕೊಂಡು ಧರ್ಮತಂದೆಯಾದವರು, ಅಪ್ಪ ಸತ್ತ ಮೇಲೆ ನಮ್ಮ ಒಲೆಗೆ ಸೌದೆ ಹೊತ್ತು ತಂದವರು ಅವರೆಂದು ನಿನಗೆ ನಾನು ಹೇಳಬೇಕೇ? ಕ್ರಿಸ್‌ಮಸ್ಸಿಗೆ ವಾರವಿರುವಾಗ, ತೋಟದ ಪಂಪು ಕದ್ದನೆಂದು ಗ್ರಿಗೊರೆಯನ್ನು ಹಿಡಿದು ತಂದರು. ಸೇತುವೆಯಾಚೆ ಜೇನು ಸಾಕುತ್ತಾನಲ್ಲ, ಆ ಕುಂಟ. ಕದ್ದಿಲ್ಲವೆಂದ. ವಕೀಲ ಬೇಕೆಂದ. ಮಾಮ ನಕ್ಕು, ನೀರು ತುಂಬಿದ ದೊಡ್ಡ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಅವನ ತಲೆಗೆ, ಪಕ್ಕೆಗೆ ಬಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ನೋಡ್ಕೋ ಮಗಳೇ, ಇದ್ರಲ್ಲಿ ಹೊಡೆದ್ರೆ ಗುರುತೇ ಬೀಳಲ್ಲ. ನಿಮ್ ಮೇಡಂ ಇದನ್ನ ಹೇಳ್ಕೊಡಲ್ಲ” ಅಂದರು.

ಪರೀಕ್ಷೆಯಲ್ಲಿ ಅಷ್ಟು ಚೆಂದ ಬರೆದವಳ ಬಾಯಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಸಾಗಿಸಿದರು, ಲಾಕಪ್ಪಿನ ಮಂಚದಿಂದ ಬಿದ್ದನೆಂದು ಹೇಳಿ.

ಹಬ್ಬಕ್ಕೆ ಧರ್ಮತಂದೆಗೆ ಕೊಡಲೇಬೇಕೆಂಬ ನಿನ್ನ ಮಾತಿನಂತೆ, ಹಿಟ್ಟನ್ನು ಜಡೆಯಾಗಿ ಹೆಣೆದು ಜಡೆರೊಟ್ಟಿ ಬೇಯಿಸಿ ಅವರ ಮನೆಗೆ ಒಯ್ದೆ. ಪದ್ಧತಿಯಂತೆ ಅವರು ಕೈ ಚಾಚಿದರು. ಮುತ್ತಿಟ್ಟೆ ಅಮ್ಮಾ, ಆ ಕೈಗೇ. ನನ್ನ ಮೇಲೇ ಹೇಸಿಗೆಯಾಯಿತು. ಊಟಕ್ಕೆ ಕೂತಾಗ ಮಾಮ ಮೆತ್ತಗೆ, ಪ್ರಾಸಿಕ್ಯೂಟರ್ ಕೇಳಿದರೆ ಗ್ರಿಗೊರೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಅನ್ನು ಎಂದರು. “ನಾನು ಯಾವತ್ತಾದ್ರೂ ನಿನ್ನ ಕೈ ಬಿಟ್ಟಿದ್ದೀನಾ?” ಎಂದು ಕೇಳಿದರು. ಬಿಟ್ಟಿಲ್ಲ. ಅದೇ ನನ್ನ ಸಂಕಟ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕಲಿಸಿದವಳು ನೀನು. ತಟ್ಟೆ ಬಿಟ್ಟು ಎದ್ದು ಬಂದು, ಮರುದಿನವೇ ಹಾಸ್ಟೆಲಿಗೆ ಬಸ್ಸು ಹತ್ತಿದೆ.

ಮುದುಕಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಾತ್ರೆ ತಪ್ಪಿಸಬೇಡ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ
ವಿಯೊರಿಕಾ

ತಾ.ಕ.: ಈ ಕಾಗದ ನಿನಗೆ ತಲುಪಿಸುವ ಇಟಲಿ ವ್ಯಾನಿನ ಡ್ರೈವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಗ್ರಿಗೊರೆ ಮೊನ್ನೆ ಸತ್ತ. ಪ್ರಾಸಿಕ್ಯೂಟರ್ ನಾಳೆ ನನ್ನನ್ನು ವಿಚಾರಣೆಗೆ ಕರೆದಿದ್ದಾರೆ. ಬಾಟಲಿಯ ವಿಷಯ ಹೇಳುತ್ತೇನೆ, ನಾನು ಸುಮ್ಮನೆ ನಿಂತದ್ದನ್ನೂ ಹೇಳುತ್ತೇನೆ. ಮಾಮನ ಜೊತೆ ನನ್ನನ್ನೂ ಒಳಗೆ ಹಾಕಬಹುದು. ನಿನ್ನೆಯಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ಮಾಮ ಮಾಡಿಸುತ್ತಿದ್ದಾರೆಂದು ಗೊತ್ತು. ಬೇಕೆಂದೇ ಎತ್ತುತ್ತಿಲ್ಲ. ನೀನು ಅತ್ತರೆ ನಾನು ಸುಳ್ಳು ಹೇಳಿಬಿಡುತ್ತೇನೆ, ಅಮ್ಮಾ.