ಚುಕ್ಕಿಗಳ ಕೆಳಗಿನ ಮೂರು ದೀಪ

ನೇತ್ರಾ,

ಆಫೀಸಿನಿಂದ ಬಂದ ಕೂಡಲೇ ಅಗಳಿ ಹಾಕಿಕೋ. ಡಬ್ಬಿ, ಗಾಜಿನ ಬೋಗುಣಿ ಜೋಡಿಸಿ ರಾತ್ರಿಯ ಆಕಾಶ ತೆಗೆಯಲು ನೀನು ಮಾಡಿದ ಕ್ಯಾಮೆರಾವನ್ನು ಮಾಳಿಗೆಯಿಂದ ಇಳಿಸಿದ್ದೇನೆ. ಇವತ್ತು ಹಚ್ಚಬೇಡ.

ನಿನ್ನೆ ರಾತ್ರಿಯ ಫೋಟೋದಲ್ಲಿ ಆಕಾಶ ಪೂರಾ ಬಂದಿದೆ, ಚುಕ್ಕಿ ಭಾಳ ಛಲೋ ಕಾಣುತ್ತವೆ. ಆದರೆ ಅಂಚಿನಲ್ಲಿ, ಗುಡ್ಡದ ಮೇಲೆ ಮೂರು ದೀಪವೂ ಬಂದಿವೆ; ಅವು ಕದ್ದು ನಿಧಿ ಅಗೆಯುವವರವು. ಅವನ್ನು ನೋಡದೆ ಫೋಟೋವನ್ನು ಊರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ.

ಮುಂಜಾನೆ ಇಬ್ಬರು ಬಂದು, “ಅಜ್ಜಾ, ಆ ಫೋಟೋ ಯಾರು ತಗದಾರ?” ಅಂತ ನಗುತ್ತ ಕೇಳಿದರು.

“ನಾನ ತಗದೀನ್ರಿ” ಅಂದೆ.

ಹಿಂದೆ ಕುರಿ ಕಾಯುವ ಆದೆಪ್ಪ ಅಂಥವೇ ದೀಪ ಕಂಡೆನೆಂದು ಚಹಾದಂಗಡಿಯಲ್ಲಿ ಹೇಳಿದ್ದ. ಮರುದಿನ ಸಂಜೆ ಕುರಿಗಳಷ್ಟೇ ಮನೆಗೆ ಬಂದವು.

ಕ್ಯಾಮೆರಾದ ಕಾರ್ಡು ತೆಗೆದುಕೊಂಡು ಠಾಣೆಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಉಣ್ಣು. ಅವರು ತಿರುಗಿ ಬಂದರೆ ಬಾಗಿಲು ತೆಗೆಯಬೇಡ. ಒಳಗಿನಿಂದಲೇ, “ಕ್ಯಾಮೆರಾ ನಮ್ಮಜ್ಜಂದು, ನನಗ ಅದರಾಗ ಏನೂ ತಿಳಿಯಂಗಿಲ್ಲ” ಅನ್ನು.

ಅಜ್ಜ